ಷರತ್ತಿಲ್ಲದೆ ಎಲ್ಲರಿಗೂ ದುಡ್ಡು ಅಂತ ಮೊದಲು ಹೇಳಿದ್ದು ಯಾರು? ನ್ಯೂಕ್ಯಾಸಲ್‌ನ ಒಬ್ಬ ಜಗಳಗಂಟ ಮೇಷ್ಟ್ರು

ಪ್ರಶ್ನೆ: ಸರ್, ಗೃಹಲಕ್ಷ್ಮಿ ದುಡ್ಡಿನ ವಿಷಯಕ್ಕೆ ನಮ್ಮನೇಲಿ ಹಬ್ಬದ ದಿನ ದೊಡ್ಡ ವಾದ ಆಯ್ತು. ಕೆಲ್ಸ ಮಾಡ್ಲಿ ಬಿಡ್ಲಿ ಎಲ್ಲರಿಗೂ ದುಡ್ಡು ಕೊಡೋ ಯೂನಿವರ್ಸಲ್ ಬೇಸಿಕ್ ಇನ್ಕಮ್ ಅನ್ನೋದು ಅಮೆರಿಕದ ಸಾಫ್ಟ್‌ವೇರ್ ಕುಬೇರರು ಈಗ ಏಐ ಬಂತು ಅಂತ ಹುಟ್ಟಿಸಿದ ಐಡಿಯಾ ಅಂತ ನಮ್ಮ ಭಾವ ಅಂದ್ರು. ನಮ್ಮ ಚಿಕ್ಕಪ್ಪ ಇಲ್ಲ, ಅದು ಥಾಮಸ್ ಪೇನ್‌ದು ಅಂದ್ರು. ಯಾರು ಸರಿ? ಮೊದಲು ಹೇಳಿದೋರಿಗೆ ದುಡ್ಡು ಎಲ್ಲಿಂದ ಬರುತ್ತೆ ಅನ್ನೋ ಲೆಕ್ಕ ಇತ್ತಾ? ಮತ್ತೆ ಗೃಹಲಕ್ಷ್ಮಿನ ಅದಕ್ಕೆ ಸೇರಿಸಬಹುದಾ?

ಉತ್ತರ: ನಿಮ್ಮ ಭಾವನವರು ಇನ್ನೂರು ವರ್ಷಕ್ಕಿಂತ ಜಾಸ್ತಿ ತಪ್ಪಿದ್ದಾರೆ. ಚಿಕ್ಕಪ್ಪನವರು ಕಾಲ ಸರಿಯಾಗಿ ಹಿಡಿದಿದ್ದಾರೆ, ಆಸಾಮಿನ ತಪ್ಪಿಸಿಕೊಂಡಿದ್ದಾರೆ. ವರ್ಷ 1797, ಆಸಾಮಿ ಹೆಸರು ಥಾಮಸ್ ಸ್ಪೆನ್ಸ್. ಪೇನ್ ಅಮೆರಿಕ, ಫ್ರಾನ್ಸ್ ಕ್ರಾಂತಿಗಳ ಪರ ಬರೆದ ಇಂಗ್ಲಿಷ್ ಲೇಖಕ, ಅವನ ಹೆಸರು ಎಲ್ಲಾ ಪುಸ್ತಕದಲ್ಲೂ ಇದೆ, ಸ್ಪೆನ್ಸ್ ಹೆಸರು ಅಡಿಟಿಪ್ಪಣಿಯಲ್ಲಿ ಸಿಕ್ಕಿದ್ರೆ ಪುಣ್ಯ. ಅದಕ್ಕೇ ಇವನ ಬಗ್ಗೆ ಸ್ವಲ್ಪ ಉದ್ದವಾಗೇ ಬರೀತೀನಿ, ನಿಮ್ಮ ಮೂರನೇ ಪ್ರಶ್ನೆಗೂ ಇವನತ್ರಾನೇ ಒಳ್ಳೆ ಉತ್ತರ ಇದೆ.

ಸ್ಪೆನ್ಸ್ ಹುಟ್ಟಿದ್ದು 1750ರಲ್ಲಿ, ಇಂಗ್ಲೆಂಡಿನ ಉತ್ತರಕ್ಕಿರೋ ನ್ಯೂಕ್ಯಾಸಲ್‌ನಲ್ಲಿ, ಹಡಗು ಬಂದು ನಿಲ್ಲೋ ನದಿ ದಂಡೆಯ ಬೀದೀಲಿ. ಅಪ್ಪ ಬಲೆ ಹೆಣೆಯೋನು, ಅಮ್ಮ ಕಾಲುಚೀಲ ಮಾರೋಳು, ಹತ್ತೊಂಬತ್ತು ಮಕ್ಕಳಲ್ಲಿ ಇವನೊಬ್ಬ. ಆ ಮನೇಲಿ ಊಟಕ್ಕೆ ಕೂತ್ರೆ ಪಾಲು ಅನ್ನೋ ಪದದ ಅರ್ಥ ಯಾರೂ ಹೇಳಿಕೊಡಬೇಕಾಗಿರಲಿಲ್ಲ ಅನ್ಸುತ್ತೆ. ಅಪ್ಪ ಬೈಬಲ್ ಓದಿಸಿ ಓದಿಸಿ ಪ್ರತಿ ಸಾಲಿಗೂ ನಿನಗೇನು ಅರ್ಥ ಆಯ್ತು ಅಂತ ಕೇಳ್ತಿದ್ನಂತೆ. ಹಂಗೇ ಓದಿ ಬೆಳೆದು ಮೇಷ್ಟ್ರಾದ.

ಅವನ ತಲೆಗೆ ಹುಳ ಬಿಟ್ಟಿದ್ದು ಆ ಊರಿನ ಒಂದು ಗೋಮಾಳ. ಗೋಮಾಳ ಅಂತ ನಾನು ಹೇಳ್ತಿರೋದು, ಅವರು ಕರೆಯೋದು ಟೌನ್ ಮೂರ್ ಅಂತ, ಊರಿಗೆ ಅಂಟಿಕೊಂಡೇ ಇರೋ ಸಾವಿರ ಎಕರೆ ಹುಲ್ಲುಗಾವಲು, ಅಲ್ಲಿ ದನ ಮೇಯಿಸೋದು ಊರಿನ ಫ್ರೀಮೆನ್ ಅನ್ನೋ ಹಕ್ಕುದಾರರ ಹಳೇ ಹಕ್ಕು. 1770ರ ಆಸುಪಾಸಲ್ಲಿ ನಗರಸಭೆಯವರು ಅದರಲ್ಲಿ ಒಂದು ತುಂಡಿಗೆ ಬೇಲಿ ಹಾಕಿ ಗುತ್ತಿಗೆ ಕೊಟ್ಟು ದುಡ್ಡು ತಾವಿಟ್ಕೊಳ್ಳೋಕೆ ಹೊರಟ್ರು. (ಈ ಸಾಲು ಓದಿ ನಿಮ್ಮೂರಿನ ಗೋಮಾಳ ನೆನಪಾದ್ರೆ ನನ್ನ ಜವಾಬ್ದಾರಿ ಅಲ್ಲ.) ಹಕ್ಕುದಾರರು ಸುಮ್ನಿರಲಿಲ್ಲ, ಕೋರ್ಟಿಗೆ ಹೋದ್ರು, ಗೆದ್ರು, 1774ರಲ್ಲಿ ಪಾರ್ಲಿಮೆಂಟಿಂದ ಕಾಯ್ದೇನೇ ಆಯ್ತು. ಇವತ್ತಿಗೂ ಅಲ್ಲಿ ಬೇಸಿಗೇಲಿ ದನ ಮೇಯ್ತವೆ, ಊರ ಮಧ್ಯ ಅನ್ನೋ ಜಾಗದಲ್ಲಿ.

ಊರೆಲ್ಲ ಗೆದ್ವಿ ಅಂತ ಕುಣೀತಿರೋವಾಗ ಸ್ಪೆನ್ಸ್ ತಲೇಲಿ ಬೇರೇನೇ ಓಡ್ತಿತ್ತು. ಈ ಸಾವಿರ ಎಕರೆ ಇಷ್ಟು ಜನರ ಜಂಟಿ ಆಸ್ತಿ ಅಂತ ಒಪ್ಕೊಂಡ್ವಿ, ಸರಿ, ಹಾಗಾದ್ರೆ ಪಕ್ಕದ ಹೊಲ? ಅದರಾಚೆ ಕಾಡು? ಇಡೀ ಇಂಗ್ಲೆಂಡ್? ಒಂದು ದೇಶದ ಭೂಮಿ ಆ ದೇಶದವರೆಲ್ಲರ ಗೋಮಾಳ ಯಾಕಲ್ಲ? 1775ರ ನವೆಂಬರ್ 8ಕ್ಕೆ ಊರಿನ ಫಿಲಾಸಫಿಕಲ್ ಸೊಸೈಟೀಲಿ ಇದನ್ನೇ ಭಾಷಣ ಮಾಡಿದ. ಆ ಪಂಡಿತರು ಕೂತು ಕೇಳಿದ್ರು. ಆಮೇಲೆ ಅವನು ಭಾಷಣಾನ ಅಚ್ಚು ಹಾಕಿಸಿ ಬೀದಿ ಲಾವಣಿ ಮಾರೋ ಹಾಗೆ ಪುಡಿಗಾಸಿಗೆ ಕೂಗಿ ಮಾರೋಕೆ ಶುರು ಮಾಡಿದ, ಆಗ ಸೊಸೈಟಿಯಿಂದ ಹೊರಗೆ ಹಾಕಿದ್ರು. ನಿನ್ನ ಅಭಿಪ್ರಾಯಕ್ಕಲ್ಲಪ್ಪ, ಅದನ್ನ ಬೀದಿಗೆ ತಂದಿದ್ದಕ್ಕೆ ಅಂದ್ರಂತೆ. ನನಗೆ ಈ ಸಮಜಾಯಿಷಿ ಬಹಳ ಇಷ್ಟ. ಒಳಗೆ ಚರ್ಚೆ ಮಾಡು, ಕೂಲಿಯವನ ಕಿವಿಗೆ ಮಾತ್ರ ಬೀಳಿಸಬೇಡ.

ಅವನ ಸ್ನೇಹಿತರೂ ಒಪ್ಪಲಿಲ್ಲ. ಮರದಚ್ಚಿನ ಚಿತ್ರಗಳಿಗೆ ಹೆಸರಾದ ಥಾಮಸ್ ಬೆವಿಕ್ ಅದೇ ಊರಲ್ಲಿ ಕೆಲಸ ಮಾಡ್ತಿದ್ದವನು, ಇವನ ಗೆಳೆಯ. ಭೂಮಿ ವಿಷಯದಲ್ಲಿ ಬೆವಿಕ್ ಇವನ ಪರ ಮಾತಾಡಲಿಲ್ಲ ಅಂತ ಸಿಟ್ಟಾಗಿ ಸ್ಪೆನ್ಸ್ ದೊಣ್ಣೆ ಕಾಳಗಕ್ಕೆ ಕರೆದ. ಬೆವಿಕ್‌ಗೆ ದೊಣ್ಣೆ ವರಸೆ ಚೆನ್ನಾಗಿ ಗೊತ್ತು ಅನ್ನೋದು ಪಾಪ ಇವನಿಗೆ ಗೊತ್ತಿರ್ಲಿಲ್ಲ, ತೊಡೆ ತೋಳು ಎಲ್ಲಾ ಕಪ್ಪಾಗೋ ಹಾಗೆ ತಿಂದ, ಇವನು ರೂಲ್ಸ್ ಮುರಿದು ಹೊಡೆಯೋಕೆ ಹೋದಾಗ ಇನ್ನೂ ಜೋರಾಗಿ ತಿಂದ. ಬೆವಿಕ್ ತನ್ನ ಆತ್ಮಕಥೇಲಿ ಇದನ್ನ ಬರ್ಕೊಂಡಿದ್ದಾನೆ. ತಮಾಷೆ ಏನಂದ್ರೆ ಸ್ಪೆನ್ಸ್‌ನ ಹೊಸ ಅಕ್ಷರಗಳಿಗೆ ಅಚ್ಚು ಕೊರೆದುಕೊಟ್ಟೋನೂ ಅದೇ ಬೆವಿಕ್ಕೇ.

ಹೌದು, ಹೊಸ ಅಕ್ಷರ. ಇದೊಂದು ಹೇಳಿ ಮುಂದೆ ಹೋಗ್ತೀನಿ, ಕನ್ನಡದವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಇಂಗ್ಲಿಷ್ ಬರೆಯೋದೊಂದು ಓದೋದೊಂದು ಅಲ್ವಾ, ಅದರಿಂದಾನೇ ಬಡವರ ಮಕ್ಕಳು ಓದು ಕಲಿಯಲ್ಲ ಅಂತ ಇವನ ವಾದ. ಒಂದು ಧ್ವನಿಗೆ ಒಂದೇ ಅಕ್ಷರ ಇರ್ಬೇಕು ಅಂತ ತಾನೇ ನಲವತ್ತು ಅಕ್ಷರದ ವರ್ಣಮಾಲೆ ಮಾಡಿ 1775ರಲ್ಲೇ ಒಂದು ಡಿಕ್ಷನರಿ ತಂದ. ನಮಗೆ ಒಂದನೇ ಕ್ಲಾಸಲ್ಲೇ ಪುಕ್ಕಟೆ ಸಿಗೋ ಸೌಕರ್ಯಕ್ಕೆ ಆ ಮನುಷ್ಯ ಜೀವನ ಪೂರ್ತಿ ಒದ್ದಾಡಿದ. ಅಕ್ಷರ ಆಗ್ಲಿ ಭೂಮಿ ಆಗ್ಲಿ, ಅವನ ತಲೇಲಿ ಎರಡೂ ಒಂದೇ ಜಗಳ, ಯಾರೋ ನಾಲ್ಕು ಜನ ಬೇಲಿ ಹಾಕ್ಕೊಂಡು ಕೂತಿದ್ದಾರೆ ಅನ್ನೋದು.

ಊರಲ್ಲಿ ಅನ್ನ ಹುಟ್ಟದೆ ಲಂಡನ್‌ಗೆ ಬಂದ. ಚಾನ್ಸರಿ ಲೇನ್‌ನಲ್ಲಿ ಬೀದಿ ಬದಿ ಅಂಗಡಿ, ಒಂದು ಕಡೆ ಪುಸ್ತಕ, ಇನ್ನೊಂದು ಕಡೆ ಸಲೂಪ್ ಅಂತ ಒಂದು ಬಿಸಿ ಪಾನೀಯ, ಬೇರಿನ ಪುಡಿಗೆ ಹಾಲು ಸಕ್ಕರೆ ಹಾಕಿ ಮಾಡೋದು, ಕಾಫಿಗೆ ದುಡ್ಡಿಲ್ಲದ ಕೂಲಿಯವರು ಬೆಳಗಿನ ಚಳಿಗೆ ಕುಡೀತಿದ್ದದ್ದು. 1792ರ ಡಿಸೆಂಬರ್‌ನಲ್ಲಿ ಪೇನ್‌ನ ಪುಸ್ತಕ ಮಾರಿದ್ದಕ್ಕೇ ಪೊಲೀಸರ ಕೈಗೆ ಸಿಕ್ಕಿದ, ಚಿಕ್ಕಪ್ಪನವರಿಗೆ ಇದನ್ನ ಹೇಳಿ. ಆಮೇಲೆ ಹೋಬರ್ನ್ ಹತ್ರ ಅಂಗಡಿ ತೆಗೆದು ಸ್ವಾತಂತ್ರ್ಯದ ಜೇನುಗೂಡು ಅಂತ ಬೋರ್ಡ್ ಹಾಕಿದ. ಎಡ್ಮಂಡ್ ಬರ್ಕ್ ಅನ್ನೋ ಪಾರ್ಲಿಮೆಂಟ್ ಸದಸ್ಯ 1790ರಲ್ಲಿ ಸಾಮಾನ್ಯ ಜನರನ್ನ ಹಂದಿ ಹಿಂಡು ಅನ್ನೋ ಅರ್ಥದಲ್ಲಿ ಬರೆದಿದ್ದ, ಇವನು ಓಹೋ ಹಾಗಾ ಅಂತ ಒಂದು ಪೆನ್ನಿಯ ವಾರಪತ್ರಿಕೆ ಶುರು ಮಾಡಿ ಅದಕ್ಕೆ ಹಂದಿ ಮೇವು ಅಂತಾನೇ ಹೆಸರಿಟ್ಟ. 1794ರಲ್ಲಿ ಸರ್ಕಾರ ಹೇಬಿಯಸ್ ಕಾರ್ಪಸ್, ಅಂದ್ರೆ ಹಿಡಿದವರನ್ನ ಕೋರ್ಟಿನ ಮುಂದೆ ತರ್ಬೇಕು ಅನ್ನೋ ರಕ್ಷಣೆ, ಅಮಾನತು ಮಾಡಿದಾಗ ಏಳು ತಿಂಗಳು ವಿಚಾರಣೆ ಇಲ್ಲದೆ ಒಳಗೆ ಹಾಕಿದ್ರು.

ಈಗ ಮುಖ್ಯ ವಿಷಯ. 1775ರ ಭಾಷಣದಲ್ಲಿ ಊರಿನ ಭೂಮಿ ಊರಿಗೇ ಸೇರಿದ್ದು, ಗೇಣಿ ಊರಿನ ಖಜಾನೆಗೆ ಬರ್ಬೇಕು, ಅದರಲ್ಲಿ ಊರಿನ ಖರ್ಚು ನಡೀಬೇಕು, ಬೇರೆ ಟ್ಯಾಕ್ಸೇ ಬೇಡ ಅನ್ನೋವರೆಗೆ ಬಂದಿದ್ದ. ತಲೆಗೆ ಇಷ್ಟು ಅಂತ ದುಡ್ಡು ಹಂಚೋ ಯೋಜನೆ ಪೂರ್ತಿ ರೂಪಕ್ಕೆ ಬಂದಿದ್ದು 1797ರಲ್ಲಿ ಅಚ್ಚಾದ ಒಂದು ಸಣ್ಣ ಪುಸ್ತಿಕೇಲಿ. ಹೆಸರು ಶಿಶುಗಳ ಹಕ್ಕುಗಳು. ಒಬ್ಬ ತಾಯಿಗೂ ಒಬ್ಬ ಶ್ರೀಮಂತನಿಗೂ ನಡೆಯೋ ವಾಗ್ವಾದದ ಥರ ಬರೆದಿದ್ದಾನೆ. ಹಸುಗೂಸಿಗೆ ಎಂಥ ಹಕ್ಕು ಅಂತ ಅವನು ನಗ್ತಾನೆ, ಅವಳು ಹೊಟ್ಟೆ ತುಂಬೋ ಹಕ್ಕು ಅಂತಾಳೆ, ಹಕ್ಕಿ ಕರಡಿಗಳೂ ತಮ್ಮ ಮರಿ ಹಸಿದಿರೋವಾಗ ಸುಮ್ನಿರಲ್ಲ ಅಂತ ಬೆಂಡೆತ್ತುತ್ತಾಳೆ. ಯೋಜನೆ ಇಷ್ಟು: ಪ್ರತಿ ಪ್ಯಾರಿಷ್, ಅಂದ್ರೆ ಚರ್ಚಿನ ಲೆಕ್ಕದ ಗ್ರಾಮ, ತನ್ನ ಭೂಮಿ ಮನೆ ಎಲ್ಲಾನೂ ಏಳೇಳು ವರ್ಷದ ಗುತ್ತಿಗೆಗೆ ಹರಾಜು ಹಾಕ್ಬೇಕು, ಜಾಸ್ತಿ ಕೂಗಿದವನಿಗೆ ಭೂಮಿ. ಬಂದ ಗೇಣೀಲಿ ಸರ್ಕಾರದ ಖರ್ಚು, ಊರಿನ ಖರ್ಚು ಕಳೀಬೇಕು. ಉಳಿದಿದ್ದನ್ನ ಮೂರು ತಿಂಗಳಿಗೊಮ್ಮೆ ಊರಲ್ಲಿ ಉಸಿರಾಡ್ತಿರೋ ಎಲ್ಲರಿಗೂ ಸಮವಾಗಿ ಹಂಚಬೇಕು. ಎಲ್ಲರಿಗೂ ಅಂದ್ರೆ ಗಂಡು ಹೆಣ್ಣು, ಮದುವೆ ಆದವರು ಆಗದವರು, ಮದುವೆ ಇಲ್ಲದೆ ಹುಟ್ಟಿದ ಮಗು, ನಿನ್ನೆ ಹುಟ್ಟಿದ ಕೂಸು, ಹಣ್ಣು ಹಣ್ಣು ಮುದುಕರು. ದೊಡ್ಡ ರೈತನ ಮನೆಗೂ ಕೂಲಿಯವನ ಮನೆಗೂ ತಲೆ ಲೆಕ್ಕದಲ್ಲಿ ಒಂದೇ ಮೊತ್ತ.

ಇದನ್ನ ನಿಧಾನಕ್ಕೆ ಇನ್ನೊಮ್ಮೆ ಓದಿ. ಇವತ್ತು ಯೂನಿವರ್ಸಲ್ ಬೇಸಿಕ್ ಇನ್ಕಮ್‌ಗೆ ಪಾಠದಲ್ಲಿ ಕೊಡೋ ಲಕ್ಷಣ ಯಾವುದು? ನಗದು, ಕಾಲಕಾಲಕ್ಕೆ, ಎಲ್ಲರಿಗೂ, ಮನೆಗಲ್ಲ ಒಬ್ಬೊಬ್ಬರಿಗೂ, ಕೆಲಸದ ಷರತ್ತಿಲ್ಲದೆ. ಎಲ್ಲಾ ಇದೆ. 1797ರಲ್ಲೇ.

ಪೇನ್ ಏನು ಹೇಳಿದ್ದ ಹಾಗಾದ್ರೆ? ಅದೇ ವರ್ಷ ಅವನ ಕಿರುಹೊತ್ತಿಗೆ ಬಂತು. ಭೂಮಿ ಮೂಲತಃ ಎಲ್ಲರದು, ಬೇಸಾಯ ಬಂದಾಗ ಬಹಳ ಜನ ಅದನ್ನ ಕಳ್ಕೊಂಡ್ರು, ಅದಕ್ಕೆ ಪರಿಹಾರ ಕೊಡಬೇಕು ಅಂತ. ಆಸ್ತಿ ವಾರಸುದಾರರಿಗೆ ಹೋಗೋವಾಗ ಹತ್ತು ಪರ್ಸೆಂಟ್ ತಗೊಂಡು ಒಂದು ನಿಧಿ ಮಾಡಿ, 21 ತುಂಬಿದ ಎಲ್ಲರಿಗೂ ಒಂದು ಸಲ 15 ಪೌಂಡ್, 50 ದಾಟಿದವರಿಗೆ ವರ್ಷಕ್ಕೆ 10 ಪೌಂಡ್. ದೊಡ್ಡ ವಿಚಾರವೇ, ಆದ್ರೆ ನೋಡಿ, ಇದು ಒಂದು ಸಲದ ಬಂಡವಾಳ ಮತ್ತೆ ಮುದಿ ವಯಸ್ಸಿನ ಪಿಂಚಣಿ. ಮಧ್ಯದ 29 ವರ್ಷ, ಬಾಡಿಗೆ ಕಟ್ಟಿ ಮಕ್ಕಳು ಸಾಕೋ ವಯಸ್ಸಲ್ಲಿ, ಏನೂ ಇಲ್ಲ. 21ರ ಒಳಗಿನ ಮಕ್ಕಳಿಗಂತೂ ಮೊದಲೇ ಇಲ್ಲ.

ಸ್ಪೆನ್ಸ್‌ಗೆ ಪೇನ್ ಪುಸ್ತಕ ಓದಿ ಮೈಯೆಲ್ಲ ಉರಿದುಹೋಯ್ತು. ತನ್ನ ಪುಸ್ತಿಕೆ ಕೊನೇಲಿ ಎರಡು ಯೋಜನೇನ ಅಕ್ಕಪಕ್ಕ ಇಟ್ಟು ಒಂದೊಂದೇ ಅಂಶ ಹೋಲಿಸಿದ, ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದಿದೆ. ಪೇನ್ ಯೋಜನೇಲಿ ಜನಕ್ಕೆ ಬರೋ ಮೊತ್ತ ಮೊದಲೇ ಫಿಕ್ಸು, ಸರ್ಕಾರ ಎಷ್ಟು ದುಂದು ಮಾಡಿದ್ರೂ ಇವರಿಗೆ ಬರೋದು ಅಷ್ಟೇ, ಹಾಗಾಗಿ ಜನ ಸುಮ್ನೆ ಮಲಗ್ತಾರೆ. ನನ್ನ ಯೋಜನೇಲಾದ್ರೆ, ಅಂತಾನೆ ಸ್ಪೆನ್ಸ್, ಖರ್ಚು ಕಳೆದು ಉಳಿದಿದ್ದು ಜನರ ಪಾಲು, ಸರ್ಕಾರ ಒಂದು ಶಿಲ್ಲಿಂಗ್ ಪೋಲು ಮಾಡಿದ್ರೂ ಅದು ನನ್ನ ಮಗುವಿನ ಜೇಬಿಂದ ಹೋಗುತ್ತೆ, ಹಾಗಾಗಿ ಎಲ್ಲರೂ ಕಣ್ಣಲ್ಲಿ ಕಣ್ಣಿಟ್ಟು ಲೆಕ್ಕ ನೋಡ್ತಾರೆ. ದುಡ್ಡು ಹಂಚಿದ್ರೆ ಜನ ಸೋಮಾರಿಗಳಾಗ್ತಾರೆ ಅಂತ ನಾವು ಇವತ್ತೂ ಕೂತು ವಾದ ಮಾಡ್ತೀವಲ್ಲ, ಅವನು ಆ ಪ್ರಶ್ನೇನೇ ತಿರುಗಿಸಿಬಿಟ್ಟ. ದುಡ್ಡು ಹೇಗೆ ಹಂಚ್ತೀರಿ ಅನ್ನೋದರ ಮೇಲೆ ಜನ ಪ್ರಜೆಗಳಾಗಿ ಸೋಮಾರಿಗಳಾಗ್ತಾರೋ ಎಚ್ಚರ ಆಗ್ತಾರೋ ಅನ್ನೋದು ನಿಂತಿದೆ ಅಂತ. ಎಷ್ಟೋ ಅರ್ಥಶಾಸ್ತ್ರದ ಪೇಪರ್ ಓದಿದೀನಿ, ಈ ಕೋನ ಇಷ್ಟು ಸರಳವಾಗಿ ಇಟ್ಟಿದ್ದು ಕಡಿಮೆ.

ದುಡ್ಡು ಎಲ್ಲಿಂದ ಅನ್ನೋ ಪ್ರಶ್ನೆಗೆ ಉತ್ತರ ಇದರಲ್ಲೇ ಬಂತು ನೋಡಿ. ಅವನು ಸರ್ಕಾರ ಟ್ಯಾಕ್ಸ್ ಹಾಕಿ ನಿಮಗೆ ಕೊಡಲಿ ಅಂತ ಹೇಳ್ತಾನೇ ಇಲ್ಲ. ಈಗಾಗ್ಲೇ ದೇಶದಲ್ಲಿ ಪ್ರತಿಯೊಬ್ಬ ಒಕ್ಕಲು ಗೇಣಿ ಕಟ್ತಿದ್ದಾನೆ, ಅದು ಜಮೀನ್ದಾರನ ಮನೆಗೆ ಹೋಗ್ತಿದೆ, ದುಡ್ಡು ಹುಟ್ಟಿಸೋದೇನೂ ಬೇಡ, ಅದು ಹೋಗೋ ಬಾಗಿಲು ಬದಲಾಯಿಸಿ ಅಷ್ಟೇ ಅಂತಾನೆ. ಷರತ್ತಿಲ್ಲ ಅನ್ನೋದೂ ಇಲ್ಲಿಂದಾನೇ ಹುಟ್ಟಿದ್ದು. ನಿಮ್ಮ ಮನೆ ಬಾಡಿಗೆಗೆ ಕೊಟ್ಟಿದ್ದೀರಿ ಅನ್ಕೊಳ್ಳಿ, ತಿಂಗಳ ಬಾಡಿಗೆ ಕೊಡೋಕೆ ಬಂದವನು ನೀವು ಈ ತಿಂಗಳು ಕೆಲ್ಸ ಹುಡುಕಿದ್ರಾ, ಕುಡೀತೀರಾ, ಬಿಪಿಎಲ್ ಕಾರ್ಡ್ ಇದ್ಯಾ ಅಂತ ಕೇಳ್ತಾನಾ? ಕೇಳಿದ್ರೆ ಸುಮ್ನಿರ್ತೀರಾ? ಮಾಲೀಕನಿಗೆ ಷರತ್ತಿರಲ್ಲ. ಸ್ಪೆನ್ಸ್ ಕಣ್ಣಲ್ಲಿ ಹುಟ್ಟಿದ ಪ್ರತಿ ಕೂಸೂ ಮಾಲೀಕ.

ಇದನ್ನ ಅವನೇ ಒಂದು ಕಥೆಯಾಗಿ ಹೇಳ್ತಾನೆ, 1801ರ ಪುಸ್ತಕದಲ್ಲಿ. ಕಾಡಲ್ಲಿ ಒಬ್ಬನೇ ಕಾಯಿ ಕೀಳ್ತಿದ್ದಾಗ ಪೊದೆ ಹಿಂದಿಂದ ಕಾವಲುಗಾರ ಬಂದು ಏನ್ ಮಾಡ್ತಿದೀಯ ಅಂದ. ಕಾಯಿ ಕೀಳ್ತಿದೀನಿ. ಅದನ್ನ ಧೈರ್ಯವಾಗಿ ಬೇರೆ ಹೇಳ್ತೀಯಾ? ಯಾಕೆ ಹೇಳ್ಬಾರ್ದು, ಒಂದು ಕೋತಿನೋ ಅಳಿಲನ್ನೋ ಹಿಡಿದು ಹೀಗೆ ಕೇಳ್ತೀಯಾ, ನಾನು ಅವಕ್ಕಿಂತ ಕಡೆಯಾ? ಈ ಕಾಡು ಪೋರ್ಟ್‌ಲ್ಯಾಂಡ್ ಡ್ಯೂಕ್‌ರದ್ದು ಅಂತ ಕಾವಲುಗಾರ. ಓ ಹೌದಾ, ಡ್ಯೂಕ್‌ರಿಗೆ ನನ್ನ ನಮಸ್ಕಾರ ತಿಳಿಸು, ಪ್ರಕೃತಿಗೆ ನಾನೂ ಗೊತ್ತಿಲ್ಲ ಅವರೂ ಗೊತ್ತಿಲ್ಲ, ಇಲ್ಲಿ ಮೊದಲು ಬಂದವನಿಗೆ ಮೊದಲ ಪಾಲು, ಅವರಿಗೆ ಕಾಯಿ ಬೇಕಿದ್ರೆ ಬೇಗ ಬರೋಕೆ ಹೇಳು. ಆಮೇಲೆ ಒಂದು ಮಾತು ಸೇರಿಸ್ತಾನೆ, ಈ ಕಾಡಲ್ಲಿ ನಾಲ್ಕು ಕಾಯಿ ಕೀಳೋ ಹಕ್ಕಿಲ್ಲ ಅಂದ್ಮೇಲೆ ಫ್ರೆಂಚರು ದಂಡೆತ್ತಿ ಬಂದಾಗ ನಾನ್ಯಾಕೆ ಬಂದೂಕು ಹಿಡೀಲಿ, ದೇಶ ನಮ್ಮದು ಅನ್ನೋ ಡ್ಯೂಕ್‌ಗಳೇ ಹೋಗಿ ಕಾದಾಡಲಿ. ಯುದ್ಧ ನಡೀತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಆ ಪುಸ್ತಕಕ್ಕೆ ಒಂದು ವರ್ಷ ಜೈಲು, 20 ಪೌಂಡ್ ದಂಡ. ಶ್ರೂಸ್‌ಬರಿ ಜೈಲಿಂದ ಬಂದ್ಮೇಲೆ ತನ್ನ ಕೇಸಿನ ವಿಚಾರಣೇನೇ ಪುಸ್ತಕ ಮಾಡಿದ, ತನ್ನದೇ ಸ್ಪೆಲ್ಲಿಂಗಲ್ಲಿ! ಹಠ ಅಂದ್ರೆ ಇದು.

ಇನ್ನೊಂದು ಹತ್ತಿರದಿಂದ ತೋರಿಸ್ಬೇಕು, ಅವನ ಟೋಕನ್‌ಗಳು. ಆಗ ಚಿಲ್ಲರೆ ಕಾಸಿನ ಅಭಾವ ಇತ್ತು, ವ್ಯಾಪಾರಿಗಳು ತಾವೇ ತಾಮ್ರದ ಬಿಲ್ಲೆ ಹೊಡೆಸ್ಕೋತಿದ್ರು. ಸ್ಪೆನ್ಸ್ ಅದನ್ನ ಕರಪತ್ರ ಮಾಡ್ಕೊಂಡ. ಒಂದರಲ್ಲಿ ಹಂದಿಯೊಂದು ಕಿರೀಟ ತುಳೀತಾ ನಿಂತಿದೆ. ಇನ್ನೊಂದರಲ್ಲಿ ಒಂದು ಕಡೆ ಕ್ರಾಂತಿಗೆ ಮುಂಚೆ ಅಂತ ಜೈಲಲ್ಲಿ ಎಲುಬು ಕಡೀತಿರೋ ಬಡಕಲ, ತಿರುಗಿಸಿದ್ರೆ ಕ್ರಾಂತಿ ಆದ್ಮೇಲೆ ಅಂತ ಮೇಜಿನ ಮುಂದೆ ಕೂತು ಉಣ್ತಿರೋನು. ನನಗೆ ಇಷ್ಟ ಆದದ್ದು ಮಾತ್ರ ನಾಯಿ ಚಿತ್ರದ್ದು. ಮೇಲೆ ಬರೆದಿರೋದು, ಕೃತಜ್ಞತೆ ಜಾಸ್ತಿ ಆದ್ರೆ ಗುಲಾಮಗಿರಿ. ಬಾಲ ಅಲ್ಲಾಡಿಸೋ ನಾಯಿ! ಕಾಸು ಕೊಟ್ಟವರ ಫೋಟೋಗೆ ಹಾರ ಹಾಕೋ ಕಾಲದಲ್ಲಿ ಈ ಬಿಲ್ಲೆ ಒಂದು ಜೇಬಲ್ಲಿರ್ಬೇಕು ಅನ್ಸುತ್ತೆ.

ಅವನನ್ನ ಹೊಗಳ್ತಾನೇ ಹೋದ್ರೆ ಅನ್ಯಾಯ ಆಗುತ್ತೆ, ಯೋಜನೇಲಿ ತೂತುಗಳಿವೆ. ಭೂಮಿ ಕಳ್ಕೊಳ್ಳೋ ಜಮೀನ್ದಾರನಿಗೆ ಒಂದು ಪೈಸೆ ಪರಿಹಾರ ಇಲ್ಲ, ಅಂದ್ಮೇಲೆ ಇದು ಬಡಿದಾಟ ಇಲ್ಲದೆ ಆಗೋ ಕೆಲಸ ಅಲ್ಲ, ಅವನಿಗೂ ಅದು ಗೊತ್ತಿತ್ತು. ಏಳು ವರ್ಷದ ಹರಾಜು ಅಂದ್ರೆ ಜೇಬು ದಪ್ಪ ಇರೋನು ಪ್ರತಿ ಸಲ ಒಳ್ಳೆ ಭೂಮಿ ಕೂಗ್ತಾನೆ, ಏಳೇ ವರ್ಷ ಇರೋದು ಅಂತ ಮಣ್ಣಿನ ಆರೈಕೇನೂ ಮಾಡಲ್ಲ. ಎಲ್ಲಕ್ಕಿಂತ ದೊಡ್ಡದು, ಹಂಚಿಕೆ ಪ್ಯಾರಿಷ್ ಲೆಕ್ಕದಲ್ಲಿ ಅಂದ್ರೆ ಫಲವತ್ತಾದ ಊರಲ್ಲಿ ಹುಟ್ಟಿದ ಕೂಸಿಗೂ ಕಲ್ಲುಗುಡ್ಡದ ಊರಲ್ಲಿ ಹುಟ್ಟಿದ ಕೂಸಿಗೂ ಒಂದೇ ಹಕ್ಕು ಅನ್ನೋದು ಎಲ್ಲಿ ಉಳೀತು? ಮತ್ತೆ ಆ ಕಾಲದಲ್ಲಿ ಸಂಪತ್ತು ಅಂದ್ರೆ ಭೂಮಿ, ಅವನ ಕಣ್ಮುಂದೇನೇ ಕಲ್ಲಿದ್ದಲು ಮತ್ತೆ ಉಗಿ ಯಂತ್ರ ಅದನ್ನ ಬದಲಾಯಿಸ್ತಿದ್ವು.

ನಮ್ಮ ಕಡೆ ನಡೆದದ್ದರ ಜೊತೆ ಇಟ್ಟು ನೋಡಿದ್ರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತೆ. ನಮ್ಮಲ್ಲಿ ಕಾಗೋಡು ಸತ್ಯಾಗ್ರಹದಿಂದ ಹಿಡಿದು ದೇವರಾಜ ಅರಸು ಕಾಲದ 1974ರ ಕಾಯ್ದೆ ತನಕ ಕೂಗು ಒಂದೇ, ಉಳುವವನೇ ಹೊಲದೊಡೆಯ. ಗೇಣಿ ಅನ್ನೋದನ್ನೇ ಕೊಂದ್ವಿ, ಗೇಣಿದಾರನಿಗೆ ಭೂಮಿ ಕೊಟ್ವಿ. ಬಹಳ ದೊಡ್ಡ ಕೆಲಸ. ಆದ್ರೆ ಕೂಲಿಯವರಿಗೆ, ಗೇಣಿ ಚೀಟಿಯೂ ಇಲ್ಲದೋರಿಗೆ ಅದರಲ್ಲಿ ಸಿಕ್ಕಿದ್ದು ಕಡಿಮೆ. ಸ್ಪೆನ್ಸ್ ಗೇಣೀನ ಕೊಲ್ಲಲ್ಲ, ಉಳಿಸ್ಕೋತಾನೆ, ಅದನ್ನ ಉಳದೇ ಇರೋರಿಗೂ ಹಂಚ್ತಾನೆ.

ಅವನ ಲೆಕ್ಕಕ್ಕೆ ಹತ್ತಿರ ಬರೋದು ನಡೀತಿರೋದೆಲ್ಲಿ ಅಂದ್ರೆ ಅಲಾಸ್ಕ. ಅಲ್ಲಿ ನೆಲದಡಿ ಎಣ್ಣೆ ಸಿಕ್ಕಿತು, 1976ರಲ್ಲಿ ಅದರ ಆದಾಯದ ಒಂದು ಪಾಲಿಗೆ ನಿಧಿ ಮಾಡಿದ್ರು, 1982ರಿಂದ ಅಲ್ಲಿ ವಾಸ ಇರೋ ಎಲ್ಲರಿಗೂ, ಮಕ್ಕಳಿಗೂ ಸೇರಿ, ವರ್ಷಕ್ಕೊಮ್ಮೆ ಡಿವಿಡೆಂಡ್. ಮೊದಲ ವರ್ಷ 1000 ಡಾಲರ್, 2022ರಲ್ಲಿ 3284. ಬದುಕೋಕೆ ಸಾಲಲ್ಲ, ಆದ್ರೆ ಅಲ್ಲಿನವರು ಅದನ್ನ ಸರ್ಕಾರದ ಕೊಡುಗೆ ಅನ್ನಲ್ಲ, ನಮ್ಮ ಡಿವಿಡೆಂಡ್ ಅಂತಾರೆ, ಕಮ್ಮಿ ಮಾಡೋಕೆ ಹೋದ ರಾಜಕಾರಣಿಗೆ ಬಿಸಿ ಮುಟ್ಟಿಸ್ತಾರೆ. ಸ್ಪೆನ್ಸ್ ಹೇಳಿದ ಕಣ್ಣಲ್ಲಿ ಕಣ್ಣಿಡೋದು ಇದೇ. ನಮ್ಮ ದೇಶದಲ್ಲಿ ಮಧ್ಯಪ್ರದೇಶದ ಕೆಲವು ಹಳ್ಳಿಗಳಲ್ಲಿ ಸೇವಾ (SEWA) ಅನ್ನೋ ದುಡಿಯೋ ಹೆಣ್ಮಕ್ಕಳ ಸಂಘಟನೆಯವರು 2011ರಲ್ಲಿ ಪ್ರಯೋಗ ಮಾಡಿದ್ರು, ದೊಡ್ಡವರಿಗೆ ತಿಂಗಳಿಗೆ 200 ರೂಪಾಯಿ ಮಕ್ಕಳಿಗೆ 100 ಅಂತ ಶುರು ಮಾಡಿ, ಆಮೇಲೆ ಜಾಸ್ತಿ ಮಾಡಿದ್ರು. ಅದು ಎಲ್ಲರಿಗೂ ಷರತ್ತಿಲ್ಲದೆ ಕೊಟ್ಟ ದುಡ್ಡು, ಆದ್ರೆ ಪ್ರಯೋಗ, ಮುಗೀತು.

ಈಗ ಗೃಹಲಕ್ಷ್ಮಿ. 2023ರ ಆಗಸ್ಟ್‌ನಲ್ಲಿ ಶುರುವಾದ ಈ 2000 ರೂಪಾಯಿ ನಗದು, ತಿಂಗಳಿಗೊಮ್ಮೆ, ಕೆಲಸದ ಷರತ್ತಿಲ್ಲ, ಇಷ್ಟರ ಮಟ್ಟಿಗೆ ನೆಂಟಸ್ತನ ಇದೆ. ಆದ್ರೆ ಒಬ್ಬೊಬ್ಬರಿಗಲ್ಲ, ಮನೆಗೆ ಒಬ್ಬ ಯಜಮಾನಿಗೆ. ಇನ್ಕಮ್ ಟ್ಯಾಕ್ಸ್, ಜಿಎಸ್‌ಟಿ ಕಟ್ಟೋ ಮನೆಗಿಲ್ಲ. ಅತ್ತೆ ಹೆಸರಿಗೋ ಸೊಸೆ ಹೆಸರಿಗೋ ಅನ್ನೋ ಜಗಳ ಹುಟ್ಟಿದ್ದು ಅಲ್ಲಿಂದಾನೇ, ಸ್ಪೆನ್ಸ್ ಲೆಕ್ಕದಲ್ಲಿ ಇಬ್ಬರಿಗೂ ಬೇರೆ ಬೇರೆ, ತೊಟ್ಟಿಲಲ್ಲಿರೋ ಮೊಮ್ಮಗಳಿಗೂ ಬೇರೆ. ಹಾಗಾಗಿ ಬೇಸಿಕ್ ಇನ್ಕಮ್ ಅಲ್ಲ, ಹೆಣ್ಮಕ್ಕಳ ಕೈಗೆ ಕೊಡೋ ನಗದು ನೆರವು. ನೆರವು ಅಂದ ಮಾತ್ರಕ್ಕೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಆ ದುಡ್ಡಿಗೆ ಕಾಯ್ಕೊಂಡಿರೋ ಮನೆಗಳನ್ನ ನೋಡಿದವನು ಹಾಗನ್ನಲ್ಲ.

ಹೆಣ್ಮಕ್ಕಳ ಮಾತು ಬಂತಲ್ಲ, ಸ್ಪೆನ್ಸ್ ಅಲ್ಲೂ ಒಂದು ಹೆಜ್ಜೆ ಮುಂದಿದ್ದ. ಆ ಪುಸ್ತಿಕೇಲಿ ತಾಯಿ ಹೇಳ್ತಾಳೆ, ಗಂಡಸರಿಗೆ ಬಾಯಿ ಕಟ್ಟಿದೆ, ಅವರನ್ನ ನಂಬಿ ಕೂತ್ರೆ ಆಗಲ್ಲ, ಪ್ರತಿ ಊರಲ್ಲೂ ನಾವು ಹೆಂಗಸರೇ ಕಮಿಟಿ ಮಾಡ್ಕೊಂಡು ಗೇಣಿ ವಸೂಲಿ ಮಾಡ್ತೀವಿ, ಹರಾಜು ನಾವೇ ನಡೆಸ್ತೀವಿ, ಲೆಕ್ಕ ನಾವೇ ಇಡ್ತೀವಿ. ನಮ್ಮಲ್ಲಿ ಹೆಂಗಸು ಫಲಾನುಭವಿ. ಅವನಲ್ಲಿ ಹೆಂಗಸು ಖಜಾಂಚಿ.

1814ರ ಸೆಪ್ಟೆಂಬರ್‌ನಲ್ಲಿ ತೀರ್ಕೊಂಡ, ಕೈಲಿ ಕಾಸಿರ್ಲಿಲ್ಲ. ಹಿಂದೆ ಹೋದೋರು ಸುಮಾರು ನಲವತ್ತು ಜನ, ಮುಂದೆ ಒಂದು ತಕ್ಕಡಿ ಹಿಡ್ಕೊಂಡು ಹೋದ್ರಂತೆ, ಎರಡು ತಟ್ಟೇಲೂ ಸಮ ಸಮ ಮಣ್ಣು. ಅವನ ಶಿಷ್ಯರು ಲಂಡನ್ ಗೋಡೆಗಳ ಮೇಲೆ ಸ್ಪೆನ್ಸ್ ಪ್ಲಾನು, ಹೊಟ್ಟೆ ತುಂಬಾ ಊಟ ಅಂತ ಸೀಮೆಸುಣ್ಣದಲ್ಲಿ ಬರೀತಿದ್ರು. ಸರ್ಕಾರ ಎಷ್ಟು ಹೆದರಿತ್ತು ಅಂದ್ರೆ 1817ರ ಕಾಯ್ದೇಲಿ ಸ್ಪೆನ್ಸ್‌ವಾದಿಗಳ ಸಂಘ ಅಂತ ಹೆಸರು ಹಿಡಿದೇ ನಿಷೇಧ ಹಾಕಿತು. ಮುಂದೆ ಬೆಲ್ಜಿಯಂನ ಜೋಸೆಫ್ ಶಾರ್ಲಿಯೇ 1848ರಲ್ಲಿ ಇದೇ ಥರದ್ದು ಬರೆದ, 1918ರಲ್ಲಿ ಇಂಗ್ಲೆಂಡಿನ ಡೆನಿಸ್ ಮಿಲ್ನರ್ ಸ್ಟೇಟ್ ಬೋನಸ್ ಅಂದ. ಸಾಫ್ಟ್‌ವೇರ್ ಕುಬೇರರ ಸರದಿ ಇವರೆಲ್ಲರ ಹಿಂದೆ.

ಚಿಕ್ಕಪ್ಪನವರಿಗೆ ಅರ್ಧ ಮಾರ್ಕ್ಸ್ ಕೊಡಿ. ಭಾವನವರಿಗೆ ಮಾರ್ಕ್ಸ್ ಕೊಡೋಕೆ ಮುಂಚೆ ಒಂದು ಕೇಳಿ, ಅವರ ಸೈಟಿನ ರೇಟು ಹತ್ತು ವರ್ಷದಲ್ಲಿ ಏರಿದ್ದು ಅವರು ಅದರ ಮೇಲೆ ಮಾಡಿದ ಕೆಲಸದಿಂದಾನಾ, ಇಲ್ಲ ಪಕ್ಕದಲ್ಲಿ ರಸ್ತೆ ಬಂದಿದ್ದರಿಂದಾನಾ ಅಂತ. ಜಗಳ ಮುಂದಿನ ಹಬ್ಬದ ತನಕ ನಡೆಯುತ್ತೆ.